ಮನೆಯ ಕಂಪ್ಯೂಟರಿನಲ್ಲಿ ವೈ-ಫೈ ಸಿಗ್ನಲ್ ಪೂರ್ತಿಯಿದೆ, ಆದರೂ ವೇಗವಿಲ್ಲ, ನಡುನಡುವೆ ಸಂಪರ್ಕವೂ ಕಡಿಯುತ್ತದೆ

ಮೇಜಿನಡಿ:

ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್ ಕಂಪ್ಯೂಟರಿನ ವೈ-ಫೈ ವಿಷಯದಲ್ಲಿ ನಿಮ್ಮ ಸಲಹೆ ಬೇಕಾಗಿದೆ. ರೌಟರ್ ಹಜಾರದಲ್ಲಿದೆ, ಕಂಪ್ಯೂಟರ್ ಎರಡು ಗೋಡೆಗಳಾಚೆಯ ಕೋಣೆಯಲ್ಲಿ, ಮೇಜಿನ ಕೆಳಗಿದೆ. ಅದರ ಹಿಂಬದಿಯಲ್ಲಿ ಬೆರಳುದ್ದದ ಯುಎಸ್‌ಬಿ ವೈ-ಫೈ ಅಡಾಪ್ಟರ್ ಸಿಕ್ಕಿಸಿದ್ದೇನೆ. ಪರದೆಯ ಮೂಲೆಯಲ್ಲಿ ಸಿಗ್ನಲ್ ಗೆರೆಗಳು ಸದಾ ಪೂರ್ತಿಯಾಗಿಯೇ ಕಾಣುತ್ತವೆ. ಆದರೆ 100 ಎಂಬಿಪಿಎಸ್ ಸಂಪರ್ಕದಲ್ಲಿ ವೇಗ ಪರೀಕ್ಷೆ ಮಾಡಿದರೆ 5ರಿಂದ 8 ಎಂಬಿಪಿಎಸ್ ಮಾತ್ರ ಸಿಗುತ್ತದೆ. ಅದೇ ಮೇಜಿನ ಮೇಲಿಟ್ಟ ಮೊಬೈಲಿನಲ್ಲಿ 90ಕ್ಕೆ ಕಡಿಮೆ ಬರುವುದಿಲ್ಲ. ಇದು ಸಾಲದೆಂಬಂತೆ, ಕೆಲವೊಮ್ಮೆ ಸಂಪರ್ಕವೇ ಕಡಿದುಹೋಗಿ ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮರಳುತ್ತದೆ.

ರೌಟರನ್ನು ಆರಿಸಿ ಮತ್ತೆ ಹಾಕಿದ್ದೇನೆ, ಅಡಾಪ್ಟರಿನ ಡ್ರೈವರನ್ನು ತೆಗೆದು ಹೊಸದಾಗಿ ಸ್ಥಾಪಿಸಿದ್ದೇನೆ, ಡಿಎನ್ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸವನ್ನೂ ಬದಲಿಸಿದ್ದೇನೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ನಡುವೆ ಸಿಗ್ನಲನ್ನು ಮರುಪ್ರಸಾರ ಮಾಡುವ ಒಂದು ರಿಪೀಟರ್ ಕೊಂಡು ಹಾಕಿದರೆ ಸರಿಹೋದೀತೇ?

ಅಲೆಗಣಿತ:

ರಿಪೀಟರ್ ಖರೀದಿಯನ್ನು ಸದ್ಯಕ್ಕೆ ಮುಂದೂಡಿ. ನಿಮ್ಮಲ್ಲಿ ಸಿಗ್ನಲ್ ಕೊರತೆಯಿದೆ ಎನ್ನುವುದಕ್ಕೆ ಇದುವರೆಗೆ ಯಾವ ಆಧಾರವೂ ಇಲ್ಲ, ರಿಪೀಟರ್ ನೀಗಿಸುವುದು ಆ ಕೊರತೆಯೊಂದನ್ನೇ. ಒಂದೇ ರೇಡಿಯೋ ಇರುವ ಅಗ್ಗದ ರಿಪೀಟರುಗಳು ಬಂದ ದತ್ತಾಂಶವನ್ನು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಕಳುಹಿಸಬೇಕಾಗುವುದರಿಂದ ಸಿಗುವ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದೂ ನೆನಪಿರಲಿ.

ನೀವು ಒಂದೇ ಉಸಿರಿನಲ್ಲಿ ಎರಡು ದೂರುಗಳನ್ನು ಹೇಳಿದ್ದೀರಿ: ವೇಗ ಕಡಿಮೆ ಎಂಬುದು ಒಂದು, ಸಂಪರ್ಕ ಕಡಿಯುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ಮೊದಲೇ ಒಂದೇ ಎಂದುಕೊಂಡರೆ ಒಂದು ಸರಿಹೋದಾಗ ಇನ್ನೊಂದು ಉಳಿದು, ಮಾಡಿದ ಪರಿಹಾರವೇ ತಪ್ಪೆಂದು ಕೈಬಿಡುವ ಹಾಗಾಗುತ್ತದೆ. ಆದ್ದರಿಂದ ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ಅಳೆದು ನೋಡೋಣ. ಕಂಪ್ಯೂಟರಿನಿಂದ ರೌಟರಿನವರೆಗೆ ಗಾಳಿಯಲ್ಲಿ ಸಾಗುವ ಭಾಗ ಒಂದು, ರೌಟರಿನಿಂದ ಆಚೆಗೆ ತಂತಿಯಲ್ಲಿ ಸಾಗುವ ಭಾಗ ಇನ್ನೊಂದು. ವೇಗ ಪರೀಕ್ಷೆಯ ಜಾಲತಾಣಗಳು ಇವೆರಡನ್ನೂ ಕೂಡಿಸಿ ಒಂದೇ ಅಂಕಿ ಕೊಡುವುದರಿಂದ ದೋಷ ಹುಡುಕುವಾಗ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ.

ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿಗಳನ್ನು ತೆರೆಯಿರಿ. ಒಂದರಲ್ಲಿ ರೌಟರಿನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶ ಕಳುಹಿಸಿ ಉತ್ತರ ಬರಲು ಹಿಡಿಯುವ ಸಮಯ ಅಳೆಯಿರಿ. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ, ಐಪಿಕಾನ್ಫಿಗ್ ಆದೇಶ ಕೊಟ್ಟಾಗ ಡಿಫಾಲ್ಟ್ ಗೇಟ್‌ವೇ ಎಂದು ಕಾಣುವುದೇ ಅದು. ಇನ್ನೊಂದರಲ್ಲಿ ಮನೆಯ ಹೊರಗಿನ, ಗೂಗಲ್‌ನ ಸರ್ವರ್ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿ. ಎರಡೂ ಏಕಕಾಲಕ್ಕೆ ಕೆಲವು ನಿಮಿಷ ಓಡಲಿ. ಸರಾಸರಿಯನ್ನು ಬಿಟ್ಟು ಕನಿಷ್ಠ, ಗರಿಷ್ಠ ಮತ್ತು ಕಳೆದುಹೋದ ಪ್ಯಾಕೆಟ್‌ಗಳ (ದತ್ತಾಂಶದ ಪುಟ್ಟ ತುಣುಕುಗಳ) ಪ್ರಮಾಣವನ್ನು ಬರೆಯಿರಿ. ವೈ-ಫೈಯಲ್ಲಿ ತಲುಪದ ತುಣುಕುಗಳನ್ನು ರೇಡಿಯೋ ಮಟ್ಟದಲ್ಲಿಯೇ ಮತ್ತೆ ಮತ್ತೆ ಕಳುಹಿಸಲಾಗುತ್ತದೆ. ಹಾಗಾಗಿ ದೋಷವು ಪ್ಯಾಕೆಟ್ ನಷ್ಟವಾಗಿ ಕಾಣುವ ಮೊದಲು ಏರಿಳಿಯುವ ವಿಳಂಬವಾಗಿ ಕಾಣುತ್ತದೆ.

ಆಮೇಲೆ ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ ಎಂಬ ಆದೇಶ ಕೊಟ್ಟು ರೇಡಿಯೋ ಬಗೆ, ಚಾನೆಲ್, ಸಿಗ್ನಲ್, ರಿಸೀವ್ ರೇಟ್, ಟ್ರಾನ್ಸ್‌ಮಿಟ್ ರೇಟ್ ಈ ಐದನ್ನೂ ತಿಳಿಸಿ. ಯಾವುದಾದರೂ ದೊಡ್ಡ ಫೈಲ್ ಡೌನ್‌ಲೋಡ್ ಆಗುತ್ತಿರುವಾಗಲೇ ಇದನ್ನು ನೋಡಬೇಕು. ಸುಮ್ಮನಿರುವ ಸಂಪರ್ಕ ತೋರಿಸುವ ಅಂಕಿಗಳನ್ನು ನಂಬಲಾಗದು.

ಹಳೇತಂತಿ:

ಇಷ್ಟೆಲ್ಲ ಏಕೆ? ಒಂದು ಉದ್ದದ ಲ್ಯಾನ್ ಕೇಬಲನ್ನು ನೆಲದ ಮೇಲೆಯೇ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಲಿ. ತಂತಿಯಲ್ಲಿ 90 ಬಂದರೆ ದೋಷ ಗಾಳಿಯಲ್ಲಿದೆ, ಬಾರದಿದ್ದರೆ ಕಂಪ್ಯೂಟರಿನಲ್ಲೋ ಹೊರಗಿನ ಸಂಪರ್ಕದಲ್ಲೋ ಇದೆ. ಚಲಿಸದ ಯಂತ್ರಕ್ಕೆ ತಂತಿಯೇ ಸರಿಯೆಂಬುದು ನನ್ನ ಹಳೆಯ ಅಭಿಪ್ರಾಯ, ಅದನ್ನು ಬದಲಿಸಿಕೊಳ್ಳುವ ಕಾರಣ ಇನ್ನೂ ಸಿಕ್ಕಿಲ್ಲ.

ಒಂದು ಎಚ್ಚರಿಕೆ ಮಾತ್ರ. ಕೇಬಲಿನೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಒಂದು ಜೋಡಿ ತುಂಡಾಗಿದ್ದರೂ ಕೇಬಲ್ ಕೆಲಸ ಮಾಡುತ್ತಿರುವಂತೆಯೇ ಕಾಣುತ್ತದೆ, ಆದರೆ ವೇಗ 100ಕ್ಕೆ ಸೀಮಿತವಾಗುತ್ತದೆ. ಇವರ ಸಂಪರ್ಕವೇ 100 ಇರುವುದರಿಂದ ಸದ್ಯಕ್ಕೆ ತೊಂದರೆಯಿಲ್ಲ. ಮುಂದೆ ಹೆಚ್ಚಿನ ವೇಗದ ಯೋಜನೆಗೆ ಹೋದವರು ಇಲ್ಲಿಯೇ ಎಡವುತ್ತಾರೆ.

ಮೇಜಿನಡಿ:

ಇಬ್ಬರಿಗೂ ಧನ್ಯವಾದಗಳು. ಕೇಬಲ್ ಹಾಕಿದಾಗ 95 ಎಂಬಿಪಿಎಸ್ ಬಂತು. ಅದನ್ನು ಶಾಶ್ವತವಾಗಿ ಎಳೆದಿಡಲು ಬಾಗಿಲುಗಳು ಅಡ್ಡ ಬರುತ್ತವೆ, ಗೋಡೆ ಕೊರೆಯುವಂತೆಯೂ ಇಲ್ಲ.

ವೈ-ಫೈಯಲ್ಲಿ ಕಂಡ ಅಂಕಿಗಳು ಹೀಗಿವೆ. ರೌಟರಿಗೆ ಪಿಂಗ್: ಕನಿಷ್ಠ 2 ಮಿಲಿಸೆಕೆಂಡು, ಗರಿಷ್ಠ 1,840 ಮಿಲಿಸೆಕೆಂಡು, ನಷ್ಟ ಶೇ. 7. ಹೊರಗಿನ ವಿಳಾಸಕ್ಕೆ: ಕನಿಷ್ಠ 19, ಗರಿಷ್ಠ 1,900ರ ಆಸುಪಾಸು, ನಷ್ಟ ಶೇ. 8. ಡೌನ್‌ಲೋಡ್ ನಡೆಯುತ್ತಿರುವಾಗ ನೋಡಿದ್ದು: ರೇಡಿಯೋ ಬಗೆ 802.11ಎನ್, ಚಾನೆಲ್ 6, ಸಿಗ್ನಲ್ ಶೇ. 88, ರಿಸೀವ್ ರೇಟ್ 13, ಟ್ರಾನ್ಸ್‌ಮಿಟ್ ರೇಟ್ 130.

ಮೂಲೆಮನೆ:

ಚಾನೆಲ್ 6 ಎಂದಾಗಲೇ ಅರ್ಥವಾಯಿತು. 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲಿ (ಬ್ಯಾಂಡ್) ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ, ಆದರೆ ಪ್ರತಿ ರೌಟರ್ ಬಳಸುವ ಅಗಲ ಕನಿಷ್ಠ 20 ಮೆಗಾಹರ್ಟ್ಸ್. ಹಾಗಾಗಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6 ಮತ್ತು 11, ಈ ಮೂರೇ. ಅಕ್ಕಪಕ್ಕದ ಮನೆಗಳ ರೌಟರುಗಳೆಲ್ಲ 6ರಲ್ಲಿಯೇ ಕುಳಿತಿರಬೇಕು. ನೀವು 1 ಅಥವಾ 11ಕ್ಕೆ ಬದಲಿಸಿ. ರೌಟರಿನಲ್ಲಿ 40 ಮೆಗಾಹರ್ಟ್ಸ್ ಅಗಲ ಎಂದಿದ್ದರೆ ಅದನ್ನೂ 20ಕ್ಕೆ ಇಳಿಸಿ. ಮನೆಗಳು ಒತ್ತೊತ್ತಾಗಿರುವಲ್ಲಿ 2.4ರ ಪಟ್ಟಿಯ ಅರ್ಧಭಾಗವನ್ನು ಒಬ್ಬರೇ ಆಕ್ರಮಿಸಿದರೆ ಯಾರಿಗೂ ಸುಖವಿಲ್ಲ. ಹಾಗೆಂದು ನಡುವಿನ 3 ಅಥವಾ 8ರಲ್ಲಿ ಖಾಲಿ ಜಾಗ ಹುಡುಕಲು ಹೋಗಬೇಡಿ. ಒಂದೇ ಚಾನೆಲ್‌ನಲ್ಲಿರುವ ಎರಡು ರೌಟರುಗಳು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಂಡು ಸರದಿಯಂತೆ ಮಾತನಾಡುತ್ತವೆ. ಅರೆಬರೆ ಮೇಲೆ ಬೀಳುವ ಚಾನೆಲ್‌ಗಳಲ್ಲಿ ಆ ಹೊಂದಾಣಿಕೆ ನಡೆಯುವುದಿಲ್ಲ, ಪರಸ್ಪರ ಬರೀ ಗದ್ದಲವಾಗುತ್ತವೆ.

ಅಲೆಗಣಿತ:

ಮೂಲೆಮನೆಯವರು ಚಾನೆಲ್‌ಗಳ ಬಗ್ಗೆ ಬರೆದದ್ದೆಲ್ಲವೂ ಸರಿ, ಆದರೆ ಇಲ್ಲಿ ಕಾರಣ ಅದಲ್ಲವೆಂದು ನನಗನ್ನಿಸುತ್ತದೆ. ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಪಿಂಗ್. ರೌಟರಿನವರೆಗಿನ ವಿಳಂಬವೇ 1,840ಕ್ಕೆ ಏರುತ್ತಿದೆ, ಹೊರಗಿನ ವಿಳಾಸದ ಅಂಕಿ ಅದಕ್ಕಿಂತ ತುಸುವೇ ಹೆಚ್ಚು. ಅಂದರೆ ದೋಷವಿರುವುದು ಮನೆಯೊಳಗಿನ ಗಾಳಿಯ ಭಾಗದಲ್ಲಿ. ಡಿಎನ್ಎಸ್ ಬದಲಿಸಿದ್ದರಿಂದ ಪ್ರಯೋಜನವಾಗದಿರುವುದು ಸಹಜವೇ. ಅದು ಪುಟ ತೆರೆಯುವ ಮೊದಲಿನ ತಡವರಿಕೆಗೆ ಮದ್ದಾದೀತೇ ಹೊರತು ಡೌನ್‌ಲೋಡ್ ವೇಗಕ್ಕಲ್ಲ.

ಎರಡನೆಯದು ಸಿಗ್ನಲ್. ವಿಂಡೋಸ್ ತೋರಿಸುವ ಶೇಕಡಾವಾರನ್ನು ಅರ್ಧ ಮಾಡಿ ಅದರಿಂದ ನೂರು ಕಳೆದರೆ ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಲೆಕ್ಕದಲ್ಲಿ ಅಂದಾಜು ಸಿಗುತ್ತದೆ. ಶೇ. 88 ಎಂದರೆ ಮೈನಸ್ 56 ಡಿಬಿಎಂ. ವಿಡಿಯೋ ಕರೆಗೆ ಮೈನಸ್ 67 ಇದ್ದರೂ ಸಾಕು. ತೊಂದರೆ ಶುರುವಾಗುವುದು ಮೈನಸ್ 75ರಿಂದ 80ರ ನಂತರ. ಆದ್ದರಿಂದ ನಿಮ್ಮ ಎರಡು ಗೋಡೆಗಳು ನಿರಪರಾಧಿಗಳು.

ಮೂರನೆಯದೇ ಮುಖ್ಯವಾದುದು. ಟ್ರಾನ್ಸ್‌ಮಿಟ್ ರೇಟ್ 130 ಇದ್ದು ರಿಸೀವ್ ರೇಟ್ 13 ಇದೆ. ಕಂಪ್ಯೂಟರ್ ಆಡಿದ ಮಾತು ರೌಟರಿಗೆ ಸ್ಪಷ್ಟವಾಗಿ ಕೇಳಿಸುತ್ತಿದೆ, ರೌಟರ್ ಆಡಿದ್ದು ಕಂಪ್ಯೂಟರಿಗೆ ಕೇಳಿಸುತ್ತಿಲ್ಲ. ಸ್ವೀಕೃತಿ ಮರಳಿ ಬಾರದಿದ್ದಾಗ ರೌಟರ್ ತನ್ನ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ 13ಕ್ಕೆ ಬಂದು ನಿಂತಿದೆ. 13ರ ಸಂಪರ್ಕ ದರದಲ್ಲಿ ನಿಜವಾದ ದತ್ತಾಂಶಕ್ಕೆ ಸಿಗುವುದು ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು, ಅಂದರೆ ನಿಮಗೆ ಕಾಣುತ್ತಿರುವ 5ರಿಂದ 8. ಲೆಕ್ಕ ಸರಿಯಾಗಿ ಕೂಡುತ್ತದೆ. ಗೋಡೆಯೋ ದೂರವೋ ಕಾರಣವಾಗಿದ್ದರೆ ಎರಡೂ ದಿಕ್ಕಿನ ದರಗಳು ಇಳಿಯಬೇಕಿತ್ತು, ಏಕೆಂದರೆ ದಾರಿ ಎರಡೂ ಕಡೆಗೆ ಒಂದೇ. ಸಾಮಾನ್ಯವಾಗಿ ರೌಟರಿನ ಪ್ರಸಾರ ಶಕ್ತಿಯೇ ಚಿಕ್ಕ ಅಡಾಪ್ಟರಿಗಿಂತ ಹೆಚ್ಚಿರುವುದರಿಂದ ವ್ಯತ್ಯಾಸವಿದ್ದರೂ ಅದು ಇದಕ್ಕೆ ವಿರುದ್ಧವಾಗಿ ಇರಬೇಕಿತ್ತು. ಹಾಗಾದರೆ ಉಳಿಯುವ ಸಾಧ್ಯತೆ ಒಂದೇ: ಅಡಾಪ್ಟರಿನ ಕಿವಿಯ ಬಳಿಯಲ್ಲಿಯೇ ಯಾವುದೋ ಗದ್ದಲವಿದೆ. ನೆರೆಮನೆಯ ರೌಟರುಗಳು ಕಾರಣವಾಗಿದ್ದರೆ ಅದೇ ಕೋಣೆಯ ಮೊಬೈಲಿಗೂ ಅದರ ಬಿಸಿ ತಟ್ಟಬೇಕು. ನಿಮ್ಮ ಮೊಬೈಲ್ ಬಹುಶಃ 5 ಗಿಗಾಹರ್ಟ್ಸ್‌ನಲ್ಲಿರುವುದರಿಂದ ಈಗಿನ ಹೋಲಿಕೆ ಸಮಬಲದ್ದಲ್ಲ, ಅದನ್ನು 2.4ಕ್ಕೆ ತಂದು ಒಮ್ಮೆ ಪರೀಕ್ಷಿಸಿ.

ಈಗ ಬಗ್ಗಿ ನೋಡಿ ಹೇಳಿ: ಕಂಪ್ಯೂಟರಿನ ಹಿಂಬದಿಯಲ್ಲಿ ಅಡಾಪ್ಟರಿನ ಪಕ್ಕದ ಕಿಂಡಿಗಳಲ್ಲಿ ಏನೇನು ಸಿಕ್ಕಿಸಿದ್ದೀರಿ?

ಮೇಜಿನಡಿ:

ಮೊಬೈಲನ್ನು 2.4ಕ್ಕೆ ಬದಲಿಸಿದಾಗಲೂ ಮೇಜಿನ ಮೇಲೆ 40ಕ್ಕಿಂತ ಹೆಚ್ಚೇ ಬಂತು. ಅಡಾಪ್ಟರಿನ ಪಕ್ಕದ ನೀಲಿ ಕಿಂಡಿಯಲ್ಲಿ ಬ್ಯಾಕಪ್‌ಗೆಂದು ಇಟ್ಟಿರುವ ಬಾಹ್ಯ ಹಾರ್ಡ್ ಡಿಸ್ಕ್ ಇದೆ. ಅದು ಸದಾ ಸಿಕ್ಕಿಸಿಯೇ ಇರುತ್ತದೆ. ಕೆಳಗಿನ ಕಪ್ಪು ಕಿಂಡಿಗಳಲ್ಲಿ ಕೀಲಿಮಣೆ ಮತ್ತು ಮೌಸ್.

ಅಲೆಗಣಿತ:

ಡಿಸ್ಕನ್ನು ಸುರಕ್ಷಿತವಾಗಿ ಹೊರತೆಗೆದು, ಕೇಬಲನ್ನೂ ಕಿತ್ತು, ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿ. ಅದರ ಹೊರತು ಬೇರೇನನ್ನೂ ಬದಲಿಸಬೇಡಿ, ಚಾನೆಲನ್ನು ಸಹ.

ಮೇಜಿನಡಿ:

ನಂಬಲಾಗುತ್ತಿಲ್ಲ. ಡಿಸ್ಕ್ ತೆಗೆದ ಕ್ಷಣದಿಂದ ರಿಸೀವ್ ರೇಟ್ 117. ರೌಟರಿಗೆ ಪಿಂಗ್ 2ರಿಂದ 9 ಮಿಲಿಸೆಕೆಂಡಿನೊಳಗೆ, ನಷ್ಟ ಸೊನ್ನೆ. ವೇಗ ಪರೀಕ್ಷೆಯಲ್ಲಿ 60ರ ಆಸುಪಾಸು. ಡಿಸ್ಕನ್ನು ಮತ್ತೆ ಸಿಕ್ಕಿಸಿ ಒಂದು ದೊಡ್ಡ ಫೈಲ್ ನಕಲಿಗೆ ಹಚ್ಚಿದರೆ ಪಿಂಗ್ ತಕ್ಷಣ ಸಾವಿರ ದಾಟುತ್ತದೆ, ಒಮ್ಮೆ ಸಂಪರ್ಕವೇ ಕಡಿದುಹೋಯಿತು. ಹಾರ್ಡ್ ಡಿಸ್ಕಿಗೂ ವೈ-ಫೈಗೂ ಏನು ಸಂಬಂಧ?

ಅಲೆಗಣಿತ:

ಡಿಸ್ಕ್ ಸಿಕ್ಕಿಸಿರುವ ನೀಲಿ ಕಿಂಡಿ ಯುಎಸ್‌ಬಿ 3ರದು, ಸಂಬಂಧವಿರುವುದು ಅದರ ವೇಗದಲ್ಲಿ. ಅದು ಸೆಕೆಂಡಿಗೆ 5 ಗಿಗಾಬಿಟ್ ದರದಲ್ಲಿ ಸಂಕೇತಗಳನ್ನು ಕಳುಹಿಸುತ್ತದೆ. ಆ ಸಂಕೇತಗಳ ಶಕ್ತಿ ಬಹಳ ಅಗಲವಾಗಿ ಹರಡಿಕೊಂಡು, 2.4ರಿಂದ 2.5 ಗಿಗಾಹರ್ಟ್ಸ್ ನಡುವೆಯೂ ಬೀಳುತ್ತದೆ. ಕನೆಕ್ಟರಿನ ಸಂದುಗಳಿಂದ, ಸರಿಯಾದ ಲೋಹದ ಹೊದಿಕೆಯಿಲ್ಲದ ಕೇಬಲಿನಿಂದ, ಡಿಸ್ಕಿನ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಅದು ಗಾಳಿಗೆ ಸೋರುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲಿಯೇ ಇದರ ಬಗ್ಗೆ ಒಂದು ವರದಿ ಪ್ರಕಟಿಸಿ, ಡಿಸ್ಕ್ ಜೋಡಿಸಿದಾಗ ಆ ಪಟ್ಟಿಯ ಹಿನ್ನೆಲೆ ಗದ್ದಲ ಸುಮಾರು 20 ಡೆಸಿಬೆಲ್ ಏರುವುದನ್ನು ತೋರಿಸಿತ್ತು. 20 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ನೂರು ಪಟ್ಟು. ಸಿಗ್ನಲ್ ಗೆರೆಗಳು ಇದನ್ನು ತೋರಿಸುವುದಿಲ್ಲ, ಏಕೆಂದರೆ ಅವು ಅಳೆಯುವುದು ರೌಟರಿನ ದನಿಯನ್ನೇ ಹೊರತು ಗದ್ದಲವನ್ನಲ್ಲ. ತಮಟೆ ಬಾರಿಸುವವನ ಮಗ್ಗುಲಲ್ಲಿ ನಿಂತು ದೂರದವರ ಮಾತಿಗೆ ಕಿವಿಗೊಟ್ಟಂತಿದೆ ನಿಮ್ಮ ಅಡಾಪ್ಟರಿನ ಸ್ಥಿತಿ. ನಿಸ್ತಂತು ಮೌಸ್ ಆಗಾಗ ತಡವರಿಸುತ್ತಿದ್ದರೆ ಅದಕ್ಕೂ ಇದೇ ಕಾರಣವಿರಬಹುದು. ಬಹುತೇಕ ಅಂಥ ಮೌಸ್‌ಗಳೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ.

ಪರಿಹಾರ ಸುಲಭ. ಅಡಾಪ್ಟರನ್ನು ಯುಎಸ್‌ಬಿ ವಿಸ್ತರಣಾ ಕೇಬಲಿನ ತುದಿಗೆ ಹಾಕಿ ಮೇಜಿನ ಮೇಲಕ್ಕೆ ತನ್ನಿ. ಇದರಿಂದ ಡಿಸ್ಕಿನಿಂದಲೂ ದೂರ, ಕಂಪ್ಯೂಟರಿನ ಉಕ್ಕಿನ ಕವಚದ ಮರೆಯಿಂದಲೂ ಬಿಡುಗಡೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್ ಆದ್ದರಿಂದ ಅಂಗೈ ಅಗಲದಷ್ಟು ಆಚೀಚೆ ಸರಿಸಿದರೂ ಫಲಿತಾಂಶ ಬದಲಾಗುತ್ತದೆ. ಎರಡು ಮೂರು ಜಾಗಗಳಲ್ಲಿಟ್ಟು ಪಿಂಗ್ ನೋಡಿ. ವಿಸ್ತರಣಾ ಕೇಬಲ್ ಸಿಗದಿದ್ದರೆ ಡಿಸ್ಕನ್ನು ಕಪ್ಪು ಕಿಂಡಿಗೆ ಬದಲಿಸಬಹುದು. ಯುಎಸ್‌ಬಿ 2ರ ದರ 480 ಮೆಗಾಬಿಟ್ ಮಾತ್ರವಾದ್ದರಿಂದ ಈ ಗದ್ದಲ ನಿಲ್ಲುತ್ತದೆ, ಬ್ಯಾಕಪ್ ಮಾತ್ರ ನಿಧಾನವಾಗುತ್ತದೆ.

ಇದಕ್ಕಿಂತ ಒಳ್ಳೆಯದು 5 ಗಿಗಾಹರ್ಟ್ಸ್‌ಗೆ ಹೋಗುವುದು. ನಿಮ್ಮ ಅಡಾಪ್ಟರ್ ಅದನ್ನು ಬಲ್ಲುದೇ ಎಂದು ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್’ ಆದೇಶದಿಂದ ತಿಳಿಯುತ್ತದೆ. ಅದು ತೋರಿಸುವ ವಿವರದಲ್ಲಿ 802.11ಎಸಿ ಎಂದಿದ್ದರೆ ಬಲ್ಲುದು. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಅಡ್ವಾನ್ಸ್ಡ್ ವಿಭಾಗದೊಳಗೆ ಪ್ರಿಫರ್ಡ್ ಬ್ಯಾಂಡ್ ಎಂಬ ಆಯ್ಕೆಯಿದ್ದರೆ 5 ಗಿಗಾಹರ್ಟ್ಸ್ ಎಂದು ಇಡಿ. ಆ ಆಯ್ಕೆ ಇಲ್ಲದಿದ್ದರೆ ರೌಟರಿನಲ್ಲಿ ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರು ಕೊಡಿ.

ಹಳೇತಂತಿ:

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಮದರ್‌ಬೋರ್ಡಿನಲ್ಲಿಯೇ ವೈ-ಫೈ ಇರುವ ಡೆಸ್ಕ್‌ಟಾಪ್‌ಗಳ ಹಿಂಬದಿಯಲ್ಲಿ ಎರಡು ಚಿನ್ನದ ಬಣ್ಣದ ತಿರುಪುಗಳು ಕಾಣುತ್ತವೆ. ಅವಕ್ಕೆ ತಿರುಗಿಸಿ ಹಾಕಬೇಕಾದ ಆಂಟೆನಾಗಳು ಪೆಟ್ಟಿಗೆಯಲ್ಲಿಯೇ ಉಳಿದುಬಿಟ್ಟಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆಂಟೆನಾ ಇಲ್ಲದೆಯೂ ರೌಟರಿನ ಸಮೀಪದಲ್ಲಿ ಸಂಪರ್ಕ ಸಿಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಮಡಿಲಗಣಕ:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ, ನನ್ನದೂ ಇದೇ ಜಾತಿಯ ತೊಂದರೆ. ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿದಾಗ ಎಲ್ಲವೂ ಸರಿಯಿರುತ್ತದೆ. ಬ್ಯಾಟರಿಯಲ್ಲಿದ್ದಾಗ ವಿಳಂಬ ಹೆಚ್ಚುತ್ತದೆ, ನಿದ್ರೆಯಿಂದ ಎಚ್ಚರಗೊಂಡ ಮೇಲೆ ಕೆಲವೊಮ್ಮೆ ವೈ-ಫೈಯೇ ಸಿಗುವುದಿಲ್ಲ. ಇನ್ನೊಂದು ಹಳೆಯ ಲ್ಯಾಪ್‌ಟಾಪ್ ರೌಟರಿನ ಪಕ್ಕದಲ್ಲಿಟ್ಟರೂ 54 ಎಂಬಿಪಿಎಸ್‌ಗಿಂತ ಹೆಚ್ಚಿನ ಸಂಪರ್ಕ ದರ ತೋರಿಸುವುದಿಲ್ಲ.

ಅಲೆಗಣಿತ:

ಮೊದಲನೆಯದು ವಿದ್ಯುತ್ ಉಳಿತಾಯದ ಫಲ. ಪವರ್ ಆಪ್ಷನ್ಸ್‌ನ ಒಳಗೆ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್ ಎಂಬಲ್ಲಿ ಬ್ಯಾಟರಿಯ ಸಾಲಿಗೂ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಆರಿಸಿ. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಎಂಬರ್ಥದ ಗುರುತನ್ನು ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ವಿಭಾಗವೇ ಕಾಣಿಸುವುದಿಲ್ಲ. ಅಂಥಲ್ಲಿ ತಯಾರಕರ ತಾಣದಿಂದ ಡ್ರೈವರ್ ಹಾಕುವುದೇ ದಾರಿ. ಲಿನಕ್ಸ್ ಬಳಸುವವರು ‘ಐಡಬ್ಲ್ಯೂ’ ಆದೇಶದ ಮೂಲಕ ಪವರ್ ಸೇವ್ ಅನ್ನು ಆಫ್ ಮಾಡಬಹುದು.

ಎರಡನೆಯದಕ್ಕೆ ರೌಟರಿನ ಭದ್ರತಾ ಆಯ್ಕೆಯನ್ನು ನೋಡಿ. ಅಲ್ಲಿ ಈಗ ಟಿಕೆಐಪಿ ಅಥವಾ ಡಬ್ಲ್ಯೂಇಪಿ ಎಂದಿರುವ ಸಾಧ್ಯತೆ ಹೆಚ್ಚು. 802.11ಎನ್ ಮಾನದಂಡವು ಆ ಹಳೆಯ ಗೂಢಲಿಪಿಗಳೊಂದಿಗೆ ತನ್ನ ಹೆಚ್ಚಿನ ದರಗಳನ್ನು ಬಳಸಲು ಬಿಡುವುದಿಲ್ಲ, ಆದ್ದರಿಂದ ಹಿಂದಿನ ಕಾಲದ 54ಕ್ಕೆ ಇಳಿಯುತ್ತದೆ. ಡಬ್ಲ್ಯೂಪಿಎ2 ಮತ್ತು ಎಇಎಸ್ ಎಂದು ಬದಲಿಸಿ. ವೇಗದ ಮಾತು ಹಾಗಿರಲಿ, ಭದ್ರತೆಯ ದೃಷ್ಟಿಯಿಂದಲೂ ಅದನ್ನು ಇಂದೇ ಬದಲಿಸಬೇಕು.

ಮೇಜಿನಡಿ:

ಅಡಾಪ್ಟರ್ ಈಗ ಮೇಜಿನ ಮೇಲಿದೆ, 5 ಗಿಗಾಹರ್ಟ್ಸ್‌ನಲ್ಲಿ ಸಂಪರ್ಕ ದರ 390, ವೇಗ ಪರೀಕ್ಷೆಯಲ್ಲಿ 94. ಡಿಸ್ಕ್ ಓಡುತ್ತಿದ್ದರೂ ವ್ಯತ್ಯಾಸವಿಲ್ಲ. ಆದರೆ ಸಂಪರ್ಕ ಕಡಿಯುವುದು ಪೂರ್ತಿ ನಿಂತಿಲ್ಲ. ಅದರ ಸ್ವರೂಪ ಮಾತ್ರ ಬದಲಾಗಿದೆ: ಮೊದಲಿನಂತೆ ತಡವರಿಸಿ ಕಡಿಯುವುದಿಲ್ಲ, ಎಲ್ಲವೂ ಚೆನ್ನಾಗಿರುವಾಗ ಜಾಲದ ಹೆಸರೇ ಪಟ್ಟಿಯಿಂದ ಮಾಯವಾಗಿ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತಿನ ಬಳಿಕ ಮತ್ತೆ ಕಾಣಿಸಿಕೊಳ್ಳುತ್ತದೆ.

ಅಲೆಗಣಿತ:

ಒಂದು ನಿಮಿಷ ಎಂಬುದು ಒಳ್ಳೆಯ ಸುಳಿವು. ಮೂರು ವಿಷಯ ತಿಳಿಸಿ. ಈಗ ಯಾವ ಚಾನೆಲ್‌ನಲ್ಲಿದ್ದೀರಿ? ಅದೇ ಹೊತ್ತಿನಲ್ಲಿ ಮೊಬೈಲಿನಿಂದಲೂ ಜಾಲ ಮಾಯವಾಗುತ್ತದೆಯೇ? ರೌಟರಿನ ದಾಖಲೆಯಲ್ಲಿ ಆ ವೇಳೆಗೆ ಏನು ಬರೆದಿದೆ? ಕಂಪ್ಯೂಟರಿನ ಕಡೆಯ ನಿಖರ ವೇಳೆಗೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್’ ಎಂದು ಕೊಟ್ಟರೆ ಕಳೆದ ಮೂರು ದಿನಗಳ ಸಂಪರ್ಕದ ಇತಿಹಾಸ ನಕ್ಷೆಯ ರೂಪದಲ್ಲಿ ಸಿಗುತ್ತದೆ. ಕೆಂಪು ವೃತ್ತಗಳನ್ನು ಒತ್ತಿ ನೋಡಿ. ವಿಂಡೋಸಿನ ಅಡಗಿಕೊಂಡ ಉಪಕರಣಗಳಲ್ಲಿ ನನಗೆ ಬಹಳ ಮೆಚ್ಚಿಕೆಯಾದದ್ದು ಇದು.

ಮೇಜಿನಡಿ:

ಚಾನೆಲ್ 100. ವರದಿಯಲ್ಲಿ ಕೆಂಪು ವೃತ್ತವಿರುವ ವೇಳೆಗೂ ರೌಟರಿನ ದಾಖಲೆಯಲ್ಲಿ ‘ರೇಡಾರ್ ಡಿಟೆಕ್ಟೆಡ್’ ಎಂಬ ಸಾಲಿನ ವೇಳೆಗೂ ತಾಳೆಯಾಗುತ್ತದೆ. ಮೊಬೈಲಿನಲ್ಲೂ ಆಗುತ್ತಿತ್ತಂತೆ, ಅದು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತಿದ್ದುದರಿಂದ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.

ಅಲೆಗಣಿತ:

ಹಾಗಿದ್ದರೆ ಇದು ದೋಷವಲ್ಲ, ನಿಯಮ. 5 ಗಿಗಾಹರ್ಟ್ಸ್ ಪಟ್ಟಿಯ ಒಂದು ದೊಡ್ಡ ಭಾಗವನ್ನು ಹವಾಮಾನದ ಹಾಗೂ ಸೇನೆಯ ರೇಡಾರ್‌ಗಳೂ ಬಳಸುತ್ತವೆ, ಅಲ್ಲಿ ಮೊದಲ ಹಕ್ಕು ಅವುಗಳದೇ. ಬಹುತೇಕ ದೇಶಗಳಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳು ಈ ವ್ಯವಸ್ಥೆಗೆ ಒಳಪಟ್ಟಿದ್ದು, ಇದನ್ನು ಡಿಎಫ್ಎಸ್ ಎನ್ನುತ್ತಾರೆ. ರೇಡಾರ್ ಸದ್ದು ಕೇಳಿದೊಡನೆ ರೌಟರ್ 10 ಸೆಕೆಂಡಿನೊಳಗೆ ಆ ಚಾನೆಲನ್ನು ತೆರವು ಮಾಡಬೇಕು, 30 ನಿಮಿಷ ಅತ್ತ ಸುಳಿಯಬಾರದು. ಅಂಥದೇ ಇನ್ನೊಂದು ಚಾನೆಲ್‌ಗೆ ಹೋದರೆ ಅಲ್ಲಿ ಕನಿಷ್ಠ 60 ಸೆಕೆಂಡು ಮೌನವಾಗಿ ಆಲಿಸಿದ ಬಳಿಕವೇ ಪ್ರಸಾರ ಶುರುಮಾಡಬೇಕು. ನಿಮಗೆ ಕಾಣುತ್ತಿರುವ ಒಂದು ನಿಮಿಷದ ಕತ್ತಲೆ ಅದೇ. ನಿಜವಾದ ರೇಡಾರ್ ಹತ್ತಿರದಲ್ಲಿರಲೇಬೇಕೆಂದಿಲ್ಲ. ಬೇರೆ ಸಂಕೇತಗಳನ್ನು ರೇಡಾರ್ ಎಂದು ಭ್ರಮಿಸುವ ರೌಟರುಗಳೂ ಇವೆ.

ರೌಟರಿನಲ್ಲಿ ಚಾನೆಲ್ ಆಯ್ಕೆಯನ್ನು ಆಟೋ ಬಿಟ್ಟು 36, 40, 44, 48ರಲ್ಲಿ ಒಂದಕ್ಕೆ ಸ್ಥಿರಗೊಳಿಸಿ. ಅಗಲ 80 ಮೆಗಾಹರ್ಟ್ಸ್ ಇದ್ದರೆ ಈ ನಾಲ್ಕೂ ಸೇರಿ ಒಂದೇ ಗುಂಪಾಗುವುದರಿಂದ ಯಾವುದನ್ನು ಆರಿಸಿದರೂ ಹೆಚ್ಚಿನ ವ್ಯತ್ಯಾಸವಿಲ್ಲ. 160 ಮೆಗಾಹರ್ಟ್ಸ್ ಅಗಲವನ್ನು ಮಾತ್ರ ಆರಿಸಬೇಡಿ; 36ರಿಂದ ಹೊರಟರೂ ಅದು 64ರವರೆಗೆ ಚಾಚಿಕೊಂಡು ಮತ್ತೆ ರೇಡಾರ್ ವಲಯಕ್ಕೆ ಕಾಲಿಡುತ್ತದೆ.

ಮೂಲೆಮನೆ:

ಆದರೆ ಎಲ್ಲರೂ 36ಕ್ಕೇ ಬಂದು ಕುಳಿತರೆ ಅಲ್ಲೂ ಜಾತ್ರೆಯಾಗುವುದಿಲ್ಲವೇ?

ಅಲೆಗಣಿತ:

ಆಗುತ್ತದೆ, ಆದರೆ 2.4ರಷ್ಟಲ್ಲ. 5 ಗಿಗಾಹರ್ಟ್ಸ್ ಅಲೆಗಳು ಗೋಡೆಗಳಲ್ಲಿ ಹೆಚ್ಚು ಸೊರಗುವುದರಿಂದ ನೆರೆಯವರ ಸದ್ದು ನಿಮ್ಮ ಕೋಣೆಗೆ ಬರುವಷ್ಟರಲ್ಲಿ ಕ್ಷೀಣಿಸಿರುತ್ತದೆ. ತೀರ ಇಕ್ಕಟ್ಟಾದರೆ 149ರಿಂದ 161ರ ಗುಂಪನ್ನು ನೋಡಬಹುದು. ಅದಕ್ಕೆ ನಿಮ್ಮ ದೇಶದ ನಿಯಮದಲ್ಲಿ ಅನುಮತಿಯಿದ್ದರೆ ರೌಟರಿನ ಪಟ್ಟಿಯಲ್ಲಿ ತಾನಾಗಿಯೇ ಕಾಣುತ್ತದೆ.

ಮೇಜಿನಡಿ:

36ಕ್ಕೆ ಬದಲಿಸಿದ ಮೇಲೆ ಕೆಂಪು ವೃತ್ತಗಳಿಲ್ಲ. ಇನ್ನು ಒಂದೇ ಒಂದು ವಿಷಯ ಉಳಿದಿದೆ. ಸಂಜೆಯ ಹೊತ್ತು ವಿಡಿಯೋ ಕರೆಯಲ್ಲಿರುವಾಗ ಕೆಲವೊಮ್ಮೆ ಎದುರಿನವರ ಮಾತು ತುಂಡುತುಂಡಾಗುತ್ತದೆ. ನೀವು ಹೇಳಿಕೊಟ್ಟಂತೆ ಎರಡು ಪಿಂಗ್‌ಗಳನ್ನೂ ಹಚ್ಚಿ ನೋಡಿದೆ. ರೌಟರಿಗೆ 2ರಿಂದ 5 ಮಿಲಿಸೆಕೆಂಡು, ಹೊರಗಿನ ವಿಳಾಸಕ್ಕೆ 20 ಇದ್ದದ್ದು 600ರವರೆಗೆ ಏರುತ್ತದೆ. ಹಳೇತಂತಿಯವರ ಮಾತಿನಂತೆ ಕೇಬಲ್ ಹಾಕಿ ನೋಡಿದರೂ ಹಾಗೆಯೇ ಇದೆ. ಆ ಹೊತ್ತಿನಲ್ಲಿ ಮನೆಯವರ ಮೊಬೈಲ್‌ಗಳು ಅಂದಿನ ಫೋಟೋ, ವಿಡಿಯೋಗಳನ್ನು ಕ್ಲೌಡಿಗೆ ಏರಿಸುತ್ತಿರುತ್ತವೆ ಎಂಬುದನ್ನಷ್ಟೇ ಪತ್ತೆಹಚ್ಚಿದ್ದೇನೆ.

ಹಳೇತಂತಿ:

ಉತ್ತರ ನೀವೇ ಬರೆದಿದ್ದೀರಿ. ಇದು ವೈ-ಫೈ ಅಲ್ಲವೇ ಅಲ್ಲ. ಅಪ್‌ಲೋಡ್ ದಾರಿ ತುಂಬಿಹೋದಾಗ ಹೊರಡಬೇಕಾದ ಪ್ಯಾಕೆಟ್‌ಗಳು ಮೋಡೆಮ್ ಅಥವಾ ರೌಟರಿನ ಸ್ಮೃತಿಯಲ್ಲಿ ಸಾಲುಗಟ್ಟುತ್ತವೆ. ಆ ಸಾಲು ಅಗತ್ಯಕ್ಕಿಂತ ಉದ್ದವಿರುವುದರಿಂದ, ನಿಮ್ಮ ಕರೆಯ ಪುಟ್ಟ ಪ್ಯಾಕೆಟ್ ಸಹ ಫೋಟೋಗಳ ಹಿಂದೆ ಅರ್ಧ ಸೆಕೆಂಡು ಕಾಯಬೇಕಾಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಡೌನ್‌ಲೋಡ್ ಸಹ ಸೊರಗುತ್ತದೆ, ಏಕೆಂದರೆ ಬಂದದ್ದು ತಲುಪಿತೆಂದು ತಿಳಿಸುವ ಸ್ವೀಕೃತಿಗಳೂ ಅದೇ ಸಾಲಿನಲ್ಲಿ ನಿಲ್ಲಬೇಕು.

ರೌಟರಿನಲ್ಲಿ ಎಸ್‌ಕ್ಯೂಎಂ ಎಂಬ ಆಯ್ಕೆ, ಅಥವಾ ಎಫ್‌ಕ್ಯೂ-ಕೋಡೆಲ್, ಕೇಕ್ ಎಂಬ ಹೆಸರುಗಳು ಕಂಡರೆ ಅದನ್ನು ಚಾಲೂ ಮಾಡಿ, ಅಪ್‌ಲೋಡ್ ಮಿತಿಯನ್ನು ತಂತಿಯಲ್ಲಿ ಅಳೆದ ವೇಗದ ಶೇ. 85ರಿಂದ 90ಕ್ಕೆ ಇಡಿ. ಆಗ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ರೌಟರಿನ ಹಿಡಿತದಲ್ಲಿರುತ್ತದೆ, ಅದು ಚಿಕ್ಕ ಪ್ಯಾಕೆಟ್‌ಗಳಿಗೆ ದಾರಿ ಬಿಡಿಸುತ್ತದೆ. ಆ ಆಯ್ಕೆಯೇ ಇಲ್ಲದಿದ್ದರೆ ಫೋಟೋ ಏರಿಸುವ ಕೆಲಸವನ್ನು ರಾತ್ರಿಗೆ ಹಾಕಿಕೊಳ್ಳಿ.

ಮೇಜಿನಡಿ:

ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿಯೇ ಇತ್ತು, ಆಫ್ ಮಾಡಿಟ್ಟಿದ್ದರು. ಅಪ್‌ಲೋಡ್ ಮಿತಿಯನ್ನು ಶೇ. 88ಕ್ಕೆ ಇಟ್ಟ ಮೇಲೆ ಫೋಟೋಗಳು ಏರುತ್ತಿದ್ದರೂ ಹೊರಗಿನ ಪಿಂಗ್ 35 ದಾಟುತ್ತಿಲ್ಲ. ಡೌನ್‌ಲೋಡ್ ಕಡೆಗೂ ಇದೇ ರೀತಿಯ ಮಿತಿ ಇಡಬೇಕೇ?

ಅಲೆಗಣಿತ:

ಯಾರಾದರೂ ದೊಡ್ಡ ಫೈಲ್ ಇಳಿಸಿಕೊಳ್ಳುವಾಗಲೂ ಪಿಂಗ್ ಏರಿದರೆ ಮಾತ್ರ ಇಡಿ, ಇಲ್ಲದಿದ್ದರೆ ಬೇಡ. ಮಿತಿ ಇಟ್ಟಷ್ಟು ವೇಗ ಕೈಬಿಟ್ಟಂತೆಯೇ, ಅಗ್ಗದ ರೌಟರುಗಳ ಪ್ರೊಸೆಸರಿಗೆ ಆ ಲೆಕ್ಕಾಚಾರವೇ ಭಾರವಾಗಿ ಒಟ್ಟು ವೇಗ ಇಳಿಯುವುದೂ ಉಂಟು. ಇನ್ನು ಮುಂದೆ ಹೆಚ್ಚಿನ ವೇಗದ ಯೋಜನೆಗೆ ಬದಲಿಸಿದಾಗ ಈ ಮಿತಿಯ ಅಂಕಿಯನ್ನೂ ಮರೆಯದೆ ಏರಿಸಿ. ಇಲ್ಲದಿದ್ದರೆ ಹೊಸ ಯೋಜನೆಯಲ್ಲೂ ಅಪ್‌ಲೋಡ್ ಹಳೆಯ ವೇಗಕ್ಕೇ ನಿಂತಿರುತ್ತದೆ.